ನೂರ ಮೂವತ್ತೆರಡೆಂಬ ಸುಳ್ಳು

ಬೆಳಗಿನ ಐದೂವರೆ. ಗಿಡ್ಡಯ್ಯನಪಾಳ್ಯದಲ್ಲಿ ಕೋಳಿಗಳೇ ಇನ್ನೂ ಸರಿಯಾಗಿ ಎದ್ದಿಲ್ಲ. ಮಹಾಲಕ್ಷ್ಮಮ್ಮ ಮಾತ್ರ ಹಸು ಕರೆದು, ಡೇರಿಗೆ ಹಾಲು ಹಾಕಿ ಬಂದು, ಮನೆಯ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಾರೆ. ತಾವಾಗಿ ಕೂತವರಲ್ಲ, ಜಗದಾಂಬ ಕೂರಿಸಿದ್ದಾರೆ. ಐದು ನಿಮಿಷ ಬಾಯಿ ಮುಚ್ಚಿಕೊಂಡು, ಕಾಲ ಮೇಲೆ ಕಾಲು ಹಾಕದೆ ಸುಮ್ಮನೆ ಕೂರಬೇಕು ಎಂಬುದು ಈ ಆಶಾ ಕಾರ್ಯಕರ್ತೆಯ ಕಟ್ಟುನಿಟ್ಟು. ಕಾಲಿನ ಮಾತು ಮಹಾಲಕ್ಷ್ಮಮ್ಮನವರಿಗೆ ಕಷ್ಟವಲ್ಲ. ಬಾಯಿಯದೇ ಪಜೀತಿ. ಎರಡನೇ ನಿಮಿಷಕ್ಕೆ ಎಮ್ಮೆಯ ವಿಷಯ ಶುರುವಾಗುತ್ತದೆ. ಜಗದಾಂಬ ತುಟಿಯ ಮೇಲೆ ಬೆರಳಿಟ್ಟು ಗಡಿಯಾರವನ್ನು ಮತ್ತೆ ಮೊದಲಿನಿಂದ ನೋಡುತ್ತಾರೆ.

ಐದು ನಿಮಿಷ ಕಳೆಯುತ್ತದೆ. ಮಡಚಿದ ದುಪ್ಪಟಿಯೊಂದನ್ನು ಸ್ಟೂಲಿನ ಮೇಲಿಟ್ಟು, ತೋಳು ಎದೆಯ ಮಟ್ಟಕ್ಕೆ ಬರುವಂತೆ ಕೈ ಇಡಿಸಿ ಬಿಪಿ ಮಿಷನ್ನಿನ ಪಟ್ಟಿ ಸುತ್ತುತ್ತಾರೆ. ಗುಂಡಿ ಒತ್ತಿದ ಮೇಲೆ ಅವರು ಮಾಡುವ ಕೆಲಸ ನೋಡುವವರಿಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಮಿಷನ್ನಿನ ಮುಖವನ್ನು ತಮ್ಮ ಕಡೆಗಲ್ಲ, ಮಹಾಲಕ್ಷ್ಮಮ್ಮನವರ ಕಡೆಗೆ ತಿರುಗಿಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಮಹಾಲಕ್ಷ್ಮಮ್ಮ ಒಂದೊಂದೇ ಅಂಕಿಯನ್ನು ಮೆಲ್ಲಗೆ ಓದುತ್ತಾರೆ. ಒಂದು, ನಾಕು, ಆರು. ಕೆಳಗಡೆ ಎಂಟು, ಎಂಟು. ಜಗದಾಂಬ ಅದನ್ನು ಕಾರ್ಡಿನಲ್ಲಿ ಬರೆದು, ಬರೆದದ್ದನ್ನು ತೋರಿಸಿ, ಸರಿಯಾಗಿದೆಯಾ ಎಂದು ಕೇಳುತ್ತಾರೆ. ಎರಡು ನಿಮಿಷ ಬಿಟ್ಟು ಇನ್ನೊಂದು ಸಲ. ಎಷ್ಟು ಬಂತು ಎಂದು ಪಕ್ಕದ ಮನೆಯಿಂದ ಯಾರೋ ಕೂಗಿ ಕೇಳಿದರೆ ಅವರಿಗೆ ಉತ್ತರ ಸಿಗುವುದಿಲ್ಲ.

ಹೋದ ಸಲಕ್ಕಿಂತ ಏರಿದೆ. ಏಕೆ ಏರಿತು ಎಂಬ ತನಿಖೆ ನೇರವಾಗಿ ಅಡುಗೆಮನೆಗೆ ಹೋಗುತ್ತದೆ. ಬಿಪಿ ಇರುವ ಪ್ರತಿ ಮನೆಯಲ್ಲೂ ಜಗದಾಂಬ ಒಂದು ಉಪ್ಪಿನ ಡಬ್ಬಿ ಗೊತ್ತುಮಾಡಿದ್ದಾರೆ. ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ, ನಾಲ್ಕು ಜನರ ಮನೆಗೆ ತಿಂಗಳಿಗೆ ಆರುನೂರು ಗ್ರಾಂ. ಒಂದನೇ ತಾರೀಖು ತುಂಬಿಸಿದ ಡಬ್ಬಿಯೇ ತಿಂಗಳು ಪೂರ್ತಿ ಬರಬೇಕು. ಇವತ್ತಿನ್ನೂ ಹನ್ನೆರಡು, ಮಹಾಲಕ್ಷ್ಮಮ್ಮನವರ ಡಬ್ಬಿಯಲ್ಲಿ ಕಾಲುಭಾಗವೂ ಇಲ್ಲ. ಮಾವಿನಕಾಯಿ ಉಪ್ಪಿನಕಾಯಿಗೆ ಹಾಕಿದ್ದು ಈ ಡಬ್ಬಿಯ ಬಾಬ್ತಿಗೆ ಸೇರುವುದಿಲ್ಲ ಎಂದು ಅವರು ವಾದ ಹೂಡುತ್ತಾರೆ. ಉಪ್ಪಿನಕಾಯಿಯನ್ನು ಹೊಟ್ಟೆಗಲ್ಲದೆ ಗೋಡೆಗೆ ಬಳಿಯುತ್ತೀರಾ ಎಂದು ಜಗದಾಂಬ ಕೇಳಿದಾಗ ಇಬ್ಬರಿಗೂ ನಗು. ನಕ್ಕರೂ ಕಾರ್ಡಿನಲ್ಲಿ ನೂರ ನಲವತ್ತಾರು ಹಾಗೇ ಉಳಿಯುತ್ತದೆ. ಒಂದು ವಾರ ನೋಡಿ, ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು ಎಂದು ಹೇಳಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಅವರು ಮುಂದಿನ ಮನೆಗೆ ನಡೆಯುತ್ತಾರೆ.

ಮಧುಗಿರಿ ತಾಲ್ಲೂಕಿನ ಪುರವರದಿಂದ ಆರು ಕಿಲೋಮೀಟರು ಒಳಗಿರುವ ಈ ಊರಿನಲ್ಲಿ ಇನ್ನೂರ ಹನ್ನೆರಡು ಮನೆಗಳಿವೆ. ಬಿಪಿ ಇರುವವರು ತೊಂಬತ್ತೊಂದು ಜನ. ದಿನಕ್ಕೆ ಹದಿನಾಲ್ಕು ಹದಿನೈದು ಮನೆಯಂತೆ ವಾರಕ್ಕೊಂದು ಸುತ್ತು ಬರುತ್ತದೆ. ಕೂಲಿಗೆ, ಹೊಲಕ್ಕೆ ಹೋಗುವವರು ಸಿಗುವುದು ಮುಂಜಾನೆಯೇ. ಅದಕ್ಕೆ ಈ ಐದೂವರೆಯ ಲೆಕ್ಕಾಚಾರ. ಬಾಣಂತಿಯರು, ಲಸಿಕೆ, ಸಮೀಕ್ಷೆ, ಮೀಟಿಂಗು ಎಲ್ಲ ಒಂಬತ್ತರ ಮೇಲೆ. ನಲವತ್ತಾರು ವರ್ಷದ ಜಗದಾಂಬ ಹದಿನಾರು ವರ್ಷಗಳಿಂದ ಆಶಾ ಕಾರ್ಯಕರ್ತೆ. ದಿನಕ್ಕೆ ಏಳು ಕಿಲೋಮೀಟರಾದರೂ ನಡೆಯುತ್ತಾರೆ. ವಾಕಿಂಗ್ ಮಾಡಿ ಎಂದು ಊರಿಗೆಲ್ಲ ಹೇಳುವುದು ಅವರಿಗೆ ಸುಲಭ, ಅವರ ಪಾಲಿನದು ತಾನಾಗಿಯೇ ಮುಗಿದಿರುತ್ತದೆ.

ಇಂಥವರ ಬಗ್ಗೆ ಪತ್ರಿಕೆಯಲ್ಲಿ ಬರೆಯದೆ ಇನ್ನಾರ ಬಗ್ಗೆ ಬರೆಯಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಜಗದಾಂಬ ಅವರಿಗೆ ಮಾತ್ರ ಅನಿಸಲಿಲ್ಲ. ಎರಡು ಸಲ ಫೋನಿನಲ್ಲೇ ಆಗುವುದಿಲ್ಲ ಎಂದರು. ಮೂರನೇ ಸಲ ಒಂದು ಷರತ್ತು ಹಾಕಿ ಒಪ್ಪಿಕೊಂಡರು.

"ಹೊಗಳಾಕೆ ಬರಾದಾದ್ರೆ ಬರ್ಬ್ಯಾಡಿ. ಚಿಕ್ಕಹನುಮಕ್ಕನ ಇಷ್ಯ ಬರೀತೀನಿ ಅಂದ್ರೆ ಬನ್ನಿ. ಅದು ಬುಟ್ಟು ಉಳಿದದ್ದೆಲ್ಲ ಬರುದ್ರೆ, ನಾನು ಇನ್ನೊಂದು ಸುಳ್ಳು ಯೋಳ್ದಂಗಾಯ್ತದೆ."

ಆದ್ದರಿಂದ ಇದು ಚಿಕ್ಕಹನುಮಕ್ಕನ ವಿಷಯವೂ ಹೌದು.

ಜಗದಾಂಬ ಅವರ ತವರು ಶಿರಾ ಕಡೆ. ಹತ್ತನೇ ತರಗತಿ ಪಾಸಾದ ಮೇಲೆ ಹತ್ತೊಂಬತ್ತಕ್ಕೆ ಮದುವೆಯಾಗಿ ಗಿಡ್ಡಯ್ಯನಪಾಳ್ಯಕ್ಕೆ ಬಂದರು. ಗಂಡ ಮಲ್ಲೇಶ್ ಊರ ಬಾಗಿಲಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ನಲವತ್ತೊಂದನೇ ವಯಸ್ಸಿನಲ್ಲಿ, ತರಬೇತಿಯೊಂದರಲ್ಲಿ ಮಿಷನ್ನು ಬಳಸುವುದು ಹೇಗೆಂದು ತೋರಿಸಲು ತಮ್ಮದೇ ತೋಳು ಕೊಟ್ಟಾಗ, ತಮಗೂ ಬಿಪಿ ಇದೆಯೆಂದು ಅವರಿಗೆ ಗೊತ್ತಾಯಿತು. ತಲೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. ಏನೂ ಇಲ್ಲದೆಯೇ ಒಳಗೊಳಗೆ ಏರುವುದೇ ಇದರ ಚಾಳಿ ಎಂದು ಅವತ್ತು ಕಲಿತದ್ದನ್ನು ಊರಿಗೆಲ್ಲ ಹೇಳುತ್ತ ಬಂದರು. ಅವರ ಮಾತ್ರೆ ಇರುವುದು ಲಿಂಗಪೂಜೆಯ ತಟ್ಟೆಯ ಪಕ್ಕದಲ್ಲಿ. ಪೂಜೆ ಒಂದು ದಿನವೂ ತಪ್ಪುವುದಿಲ್ಲ, ಹಾಗಾಗಿ ಮಾತ್ರೆಯೂ ತಪ್ಪುವುದಿಲ್ಲ. ಊರಿನವರಿಗೂ ಇದೇ ಉಪಾಯ ಹೇಳಿಕೊಟ್ಟಿದ್ದಾರೆ. ಮಹಾಲಕ್ಷ್ಮಮ್ಮನಿಗೆ ಡೇರಿಯಿಂದ ಬಂದ ಕೂಡಲೇ ಮಾತ್ರೆ. ಕೊರಟಗೆರೆಗೆ ಕೆಲಸಕ್ಕೆ ಹೋಗುವ ಒಬ್ಬರಿಗೆ ಮೊದಲ ಬಸ್ಸಿನ ಹಾರನ್ನು ಕೇಳಿದಾಗ ಮಾತ್ರೆ. ಸೋಮವಾರ ಉಪವಾಸ ಮಾಡುವವರು ಮಾತ್ರೆ ನುಂಗಿದರೆ ವ್ರತ ಕೆಡುತ್ತದೆ ಎಂದು ಬಿಡುತ್ತಿದ್ದರು. ಅವರ ಎದುರಿಗೇ ಸೋಮವಾರದ ದಿನ ತಾವು ಮಾತ್ರೆ ನುಂಗಿ, ನೀರು ಕುಡಿದು ತೋರಿಸಿದರು.

ಇಷ್ಟೆಲ್ಲ ತಿಳಿದಿದ್ದವರು ಎಡವಿದ್ದು ಅಜ್ಞಾನದಿಂದಲ್ಲ. ಅದನ್ನು ಅವರೇ ಹೇಳುತ್ತಾರೆ.

ಮಿಷನ್ನು ಕೈಗೆ ಬಂದ ಹೊಸತರಲ್ಲಿ ಊರವರು ತೋಳು ಕೊಡುತ್ತಿರಲಿಲ್ಲ. ಅದು ರಕ್ತ ಎಳೆಯುತ್ತದೆ ಎಂದವರಿದ್ದರು, ನೋಡಿಸಿಕೊಂಡರೆ ಇಲ್ಲದ ರೋಗ ಬರುತ್ತದೆ ಎಂದವರೂ ಇದ್ದರು. ಮೊದಲ ತಿಂಗಳು ಆಂಜನೇಯನ ಗುಡಿಯ ಜಗಲಿಯ ಮೇಲೆ ಕೂತರೆ ಬಂದವರು ಹನ್ನೊಂದು ಜನ. ಜಗದಾಂಬ ಅದನ್ನು ಆಟ ಮಾಡಿದರು. ನೂರ ನಲವತ್ತಕ್ಕಿಂತ ಕಡಿಮೆ ಬಂದರೆ ಪಾಸು, ಜಾಸ್ತಿ ಬಂದರೆ ಫೇಲು. ಅಂಕಿಯನ್ನು ಜೋರಾಗಿ ಕೂಗುವುದು, ಪಾಸಾದವರಿಗೆ ಎಲ್ಲರೂ ಚಪ್ಪಾಳೆ ತಟ್ಟುವುದು. ಹೆಂಗಸರಿಗೆ ಇದು ಬಲು ಹಿಡಿಸಿತು. ಪರೀಕ್ಷೆಯನ್ನೇ ಕಾಣದವರಿಗೆ ಪಾಸಾಗುವ ಯೋಗ. ಆರು ತಿಂಗಳಲ್ಲಿ ಹನ್ನೊಂದು ಇದ್ದದ್ದು ಎಂಬತ್ತನಾಲ್ಕಾಯಿತು. ತಿಂಗಳ ಮೊದಲ ಸೋಮವಾರ ಗುಡಿಯ ಮುಂದೆ ಒಳ್ಳೆ ಸೀರೆ ಉಟ್ಟುಕೊಂಡು ಸಾಲು ನಿಲ್ಲುತ್ತಿದ್ದರು. ತಾಲ್ಲೂಕಿನ ಮೀಟಿಂಗಿನಲ್ಲಿ ಜಗದಾಂಬ ಅವರನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು.

"ಆ ಚಪ್ಪಾಳೆ ತಲಿಗೆ ಹತ್ಬುಡ್ತು ನೋಡಿ" ಎನ್ನುತ್ತಾರೆ ಜಗದಾಂಬ. "ನಮ್ಮೂರಾಗೆ ಫೇಲಾಗೋರೇ ಇಲ್ಲ ಅನ್ನಾದು ನಂಗೇ ಬೇಕಾಗಿತ್ತು."

ಪರೀಕ್ಷೆ ಎಂದ ಮೇಲೆ ಕಾಪಿ ಹೊಡೆಯುವವರೂ ಇರುತ್ತಾರೆ. ತಿಂಗಳೆಲ್ಲ ಮಾತ್ರೆ ಮುಟ್ಟದೆ ಕೊನೆಯ ಮೂರು ದಿನ ತಪ್ಪದೆ ನುಂಗಿ ಬರುವವರು, ಬೆಳಿಗ್ಗೆಯೇ ಬೆಳ್ಳುಳ್ಳಿ ಅಗಿದು ಬರುವವರು, ಅವತ್ತೊಂದು ದಿನ ಹೊಗೆಸೊಪ್ಪು, ಕಡ್ಡಿಪುಡಿ ಬಾಯಿಗೆ ಹಾಕದವರು. ಜಗದಾಂಬ ಅವರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಕ್ಕು ಸುಮ್ಮನಾದರು. ಮೂರು ಸಲ ನೋಡಿ, ಅದರಲ್ಲಿ ಕಡಿಮೆ ಬಂದದ್ದನ್ನು ಬರೆಯುವ ಅಭ್ಯಾಸವೂ ಅಷ್ಟರಲ್ಲಿ ಶುರುವಾಗಿತ್ತು.

ಚಿಕ್ಕಹನುಮಕ್ಕನಿಗೆ ಆಗ ಐವತ್ತೆಂಟು, ಬಿಪಿಗೆ ಮಾತ್ರೆ ನುಂಗುತ್ತಿದ್ದವರು. ಗಂಡ ದೊಡ್ಡರಂಗಪ್ಪನ ಜೊತೆ ಅರ್ಧ ಎಕರೆಯಲ್ಲಿ ಸೇವಂತಿಗೆ ಬೆಳೆದು, ಶುಕ್ರವಾರ ಗೊರವನಹಳ್ಳಿಯ ಮಹಾಲಕ್ಷ್ಮಿ ಗುಡಿಯ ಮುಂದಿನ ಅಂಗಡಿಗಳಿಗೆ ಬಸ್ಸಿನಲ್ಲಿ ಹೂವು ಕಳಿಸುತ್ತಿದ್ದ ಹೆಂಗಸು. ಆ ವರ್ಷದ ಕಾರ್ತಿಕದಲ್ಲಿ ಮಗಳ ಅತ್ತೆ ಮನೆಯವರು ಪಾವಗಡದ ಬಲಸಮುದ್ರದಿಂದ ಬಂದಿದ್ದರು. ಬೀಗತಿಯರಿಬ್ಬರು, ಜೊತೆಗೆ ನಾಲ್ಕು ಜನ. ನಿಮ್ಮೂರಿನ ಬಿಪಿ ಪರೀಕ್ಷೆಯನ್ನೂ ನೋಡೋಣ ಎಂದು ತೆಲುಗು ಬೆರೆಸಿದ ಕನ್ನಡದಲ್ಲಿ ಮಾತಾಡಿಕೊಂಡು ಗುಡಿಯ ಹತ್ತಿರ ಬಂದು ನಿಂತರು. ಬೀಗರ ಮುಂದೆ ಮರ್ಯಾದೆ ಎಂದರೆ ಏನೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕಹನುಮಕ್ಕ ಹೊಸ ಸೀರೆಯಲ್ಲಿ ಕೂತು ತೋಳು ಕೊಟ್ಟರು. ಮಿಷನ್ನು ನೂರ ಅರವತ್ತೆಂಟು ತೋರಿಸಿತು. ಕೆಳಗಿನದು ನೂರ ಎರಡು.

ಚಿಕ್ಕಹನುಮಕ್ಕ ಏನನ್ನೂ ಕೇಳಲಿಲ್ಲ. ಅವರಿಗೆ ಅಂಕಿ ಓದಲು ಬರುತ್ತಿರಲಿಲ್ಲ, ಸುಮ್ಮನೆ ಜಗದಾಂಬ ಅವರ ಮುಖ ನೋಡಿದರು. ಬೀಗತಿಯರೂ ನೋಡಿದರು. ಜಗದಾಂಬ ನೂರ ಮೂವತ್ತೆರಡು, ಪಾಸು ಎಂದು ಕೂಗಿದರು. ಚಪ್ಪಾಳೆ ಬಿತ್ತು. ಕಾರ್ಡಿನಲ್ಲೂ ಅದನ್ನೇ ಬರೆದರು.

ಸಂಜೆ ಮನೆಗೆ ಹೋಗಿ ನಿಜ ಹೇಳಬೇಕೆಂದೇ ಅವರು ಅಂದುಕೊಂಡಿದ್ದರು. ಹೋದರು ಕೂಡ. ಮನೆ ತುಂಬ ಜನ, ಬೀಗರಿಗೆ ಊಟ ಬಡಿಸುತ್ತಿದ್ದಾರೆ. ಒಬ್ಬಟ್ಟು ತಿನ್ನಿಸಿ ಕಳಿಸಿದರು. ಮಾರನೆಯ ದಿನ ಲಸಿಕೆ, ಅದರ ಮಾರನೆಯ ದಿನ ಹೆರಿಗೆಗೆ ಒಬ್ಬಳನ್ನು ಕರೆದುಕೊಂಡು ಮಧುಗಿರಿಗೆ. ಹೀಗೆ ತಿಂಗಳು ತುಂಬಿತು. ಮುಂದಿನ ಸಲ ಬಂದದ್ದು ನೂರ ಎಪ್ಪತ್ತು. ಈಗ ನಿಜ ಹೇಳಿದರೆ ಹಿಂದಿನದು ಸುಳ್ಳೆಂದೂ ಹೇಳಬೇಕಾಗುತ್ತಿತ್ತು. ನೂರ ಮೂವತ್ತಾರು ಎಂದರು. ಅದರ ಮುಂದಿನ ತಿಂಗಳು ನೂರ ಮೂವತ್ತನಾಲ್ಕು. ಒಂದು ಸುಳ್ಳನ್ನು ಮುಚ್ಚಲು ಎರಡು ಸುಳ್ಳು. ಇಷ್ಟನ್ನು ಹೇಳುವಾಗ ಜಗದಾಂಬ ಎದುರಿನವರ ಮುಖ ನೋಡುವುದಿಲ್ಲ, ಬ್ಯಾಗಿನ ಜಿಪ್ಪನ್ನು ಎಳೆದು, ಹಾಕಿ, ಮತ್ತೆ ಎಳೆಯುತ್ತಾರೆ.

ಅವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಆ ಮನೆಯಲ್ಲಿ ನಡೆದಿತ್ತು. ಮೂರು ಸಲ ಪಾಸಾದ ಚಿಕ್ಕಹನುಮಕ್ಕ, ಬಿಪಿ ವಾಸಿಯಾಯಿತೆಂದು ನಂಬಿ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ವಾಸಿಯಾದವರು ಮಾತ್ರೆ ಏಕೆ ತಿನ್ನಬೇಕು? ಮಾತ್ರೆ ತಿಂದರೇನೇ ಅಂಕಿ ಇಳಿದಿರುವುದು, ಬಿಟ್ಟರೆ ಮತ್ತೆ ಏರುತ್ತದೆ ಎಂದು ಜಗದಾಂಬ ಎಷ್ಟೋ ಸಲ ಹೇಳಿದ್ದರು. ಆದರೆ ಚಪ್ಪಾಳೆಯ ಮುಂದೆ ಆ ಮಾತು ಯಾರ ಕಿವಿಗೆ ಬೀಳಬೇಕು?

ಫೆಬ್ರುವರಿಯ ಒಂದು ಬೆಳಿಗ್ಗೆ ಹೂವು ಬಿಡಿಸುತ್ತಿದ್ದ ಚಿಕ್ಕಹನುಮಕ್ಕ ಸೇವಂತಿಗೆ ಸಾಲಿನಲ್ಲೇ ಕುಸಿದರು. ಬಾಯಿ ಸೊಟ್ಟಗಾಗಿತ್ತು, ಬಲಗೈ ಬಲಗಾಲು ಸೋತಿದ್ದವು. ಲಕ್ವ. ಆಂಬುಲೆನ್ಸು ಕರೆಸಿದ್ದೂ ಜಗದಾಂಬ, ಜೊತೆಗೆ ಹೋದದ್ದೂ ಜಗದಾಂಬ. ಆಸ್ಪತ್ರೆಯ ವೈದ್ಯರು ಬಿಪಿ ಎಷ್ಟು ದಿನದಿಂದ ಇಷ್ಟಿದೆ, ನೋಡಿಸುತ್ತಿರಲಿಲ್ಲವಾ ಎಂದು ಗದರಿಸಿದರು. ದೊಡ್ಡರಂಗಪ್ಪ ಜೇಬಿನಿಂದ ಕಾರ್ಡು ತೆಗೆದು, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

"ನೋಡುಸ್ದೆ ಏನ್ ಸ್ವಾಮಿ. ನಮ್ಮ ಜಗದಮ್ಮ ತಿಂಗ್ಳು ತಿಂಗ್ಳೂ ನೋಡ್ಯವ್ರೆ. ಬಿಪಿ ಇಲ್ಲ ಇವ್ಳಿಗೆ."

ಜಗದಾಂಬ ಪಕ್ಕದಲ್ಲೇ ನಿಂತಿದ್ದರು. ಅವತ್ತು ಬಾಯಿ ಬಿಡಲಿಲ್ಲ. ಅವತ್ತೊಂದೇ ಅಲ್ಲ, ಇನ್ನೂ ಎಂಟು ದಿನ ಬಿಡಲಿಲ್ಲ. ಸುಳ್ಳು ಬರೆದದ್ದಕ್ಕಿಂತ ಆ ಎಂಟು ದಿನ ಸುಮ್ಮನಿದ್ದದ್ದೇ ತಮಗೆ ಹೆಚ್ಚು ನಾಚಿಕೆ ಎನ್ನುತ್ತಾರೆ. ಸುಳ್ಳು ಬರೆಯುವಾಗ ಬೀಗರಿದ್ದರು, ಚಪ್ಪಾಳೆಯಿತ್ತು. ಈ ಎಂಟು ದಿನ ಯಾವುದೂ ಇರಲಿಲ್ಲ, ಬರೀ ಹೆದರಿಕೆ ಇತ್ತು. ಕೆಲಸ ಹೋಗುತ್ತದೆ ಎಂಬ ಹೆದರಿಕೆ, ಊರಿನಲ್ಲಿ ತಲೆ ಎತ್ತಿಕೊಂಡು ಓಡಾಡಲಾಗುವುದಿಲ್ಲ ಎಂಬ ಹೆದರಿಕೆ. ದೊಡ್ಡರಂಗಪ್ಪ ಮಾತ್ರ ಸಿಕ್ಕಿದವರಿಗೆಲ್ಲ ಆಂಬುಲೆನ್ಸು ತರಿಸಿ ಹೆಂಡತಿಯ ಜೀವ ಉಳಿಸಿದ ತಾಯಿ ಎಂದು ಹೇಳುತ್ತ ಓಡಾಡುತ್ತಿದ್ದರು. ಒಂಬತ್ತನೇ ದಿನ ಅವರು ಕೃತಜ್ಞತೆಗೆಂದು ಒಂದು ಮೊರ ಸೇವಂತಿಗೆ ಹೂವನ್ನು ಜಗದಾಂಬ ಅವರ ಮನೆ ಬಾಗಿಲಿಗೆ ತಂದಿಟ್ಟು ಹೋದರು. ಆ ಹೂವನ್ನು ದೇವರಿಗೆ ಏರಿಸಲು ಅವರ ಕೈ ಬರಲಿಲ್ಲ.

ಅವತ್ತೇ ಉಪಕೇಂದ್ರಕ್ಕೆ ಹೋಗಿ ಅಲ್ಲಿನ ಆರೋಗ್ಯ ಅಧಿಕಾರಿ ಸ್ಪಂದನಾ ಅವರಿಗೆ ಎಲ್ಲ ಹೇಳಿದರು. ಇಪ್ಪತ್ತಾರರ ಹುಡುಗಿ, ತಮ್ಮ ಮಗಳ ವಯಸ್ಸಿನವರು. ಅವರು ಬೈಯಲಿಲ್ಲ. ಇನ್ನೂ ಎಷ್ಟು ಜನರ ಕಾರ್ಡಿನಲ್ಲಿ ಹೀಗೆ ಬರೆದಿದ್ದೀರಿ ಎಂದಷ್ಟೇ ಕೇಳಿದರು. ಇನ್ನೂ ಮೂವರದು. ಆ ಮೂರು ಮನೆಗೆ ಆ ಕ್ಷಣವೇ ಇಬ್ಬರೂ ಹೊರಟರು. ಆಮೇಲೆ ಮೇಲಿನವರಿಗೆ ವರದಿ ಹೋಯಿತು, ಜಗದಾಂಬ ಲಿಖಿತವಾಗಿ ಉತ್ತರ ಕೊಟ್ಟರು, ಮಿಷನ್ನನ್ನು ಅವರ ಕೈಯಿಂದ ತೆಗೆದುಕೊಂಡರು.

ಇನ್ನು ಉಳಿದದ್ದು ದೊಡ್ಡರಂಗಪ್ಪ. ಅವರು ಕೊಟ್ಟಿಗೆಯಲ್ಲಿ ದನಕ್ಕೆ ನೀರಿಡುತ್ತಿದ್ದರು. ಜಗದಾಂಬ ನಿಂತುಕೊಂಡೇ ಹೇಳಿ ಮುಗಿಸಿದರು. ದೊಡ್ಡರಂಗಪ್ಪ ಕೂಗಾಡುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡು ಹೋಗಿದ್ದರು. ಆ ಮನುಷ್ಯ ಬಕೀಟು ಕೆಳಗಿಟ್ಟು, ಯಾಕವ್ವ ಎಂದು ಕೇಳಿದರು. ಅಷ್ಟೇ. ಬೀಗರು ನಿಂತಿದ್ದರು ಎಂಬ ಉತ್ತರ ಜಗದಾಂಬ ಅವರ ಬಾಯಿಂದ ಬಂದಾಗ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಅವರಿಗೇ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಊರು ಗುಡಿಯ ಮುಂದೆ ಸೇರಿತು. ಎಂಬತ್ತನಾಲ್ಕು ಕಾರ್ಡುಗಳು ಜಗಲಿಯ ಮೇಲೆ ಬಿದ್ದವು. ನಂದು ನಿಜವಾ, ನಂದು ನಿಜವಾ ಎಂಬುದೊಂದೇ ಪ್ರಶ್ನೆ. ನಿಮ್ಮದು ನಿಜ ಎಂದು ಜಗದಾಂಬ ಹೇಳಿದರೆ ನಂಬುವವರು ಯಾರೂ ಇರಲಿಲ್ಲ, ನಂಬಿ ಎನ್ನಲು ಅವರಿಗೂ ಮುಖವಿರಲಿಲ್ಲ. ಸ್ಪಂದನಾ ಎರಡು ದಿನ ಕೂತು ಎಲ್ಲರಿಗೂ ಮತ್ತೆ ನೋಡಿದರು. ಮೂವತ್ತೇಳು ಜನರಿಗೆ ನೂರ ನಲವತ್ತು ದಾಟಿತ್ತು. ಸುಳ್ಳು ಬರೆದದ್ದು ನಾಲ್ಕೇ ಜನರದು, ಉಳಿದವರು ಪಾಸಾಗುವುದಕ್ಕೆಂದೇ ಮೂರು ದಿನ ಮಾತ್ರೆ ತಿಂದವರು. ಆದರೆ ಪಾಸು ಫೇಲು ಎಂಬುದನ್ನು ಊರಿಗೆ ಕಲಿಸಿದವರು ಯಾರು? ಇಷ್ಟು ವರ್ಷ ಅಕ್ಕ ಎಂದವರು ಬೀದಿಯಲ್ಲಿ ಎದುರಾದರೆ ಸೆರಗು ಸರಿಮಾಡಿಕೊಂಡು ಆಚೆ ಬದಿಗೆ ಹೋಗತೊಡಗಿದರು.

ಕೆಲಸ ಬಿಟ್ಟುಬಿಡುತ್ತೇನೆ ಎಂದು ಜಗದಾಂಬ ಮನೆಯಲ್ಲಿ ಅತ್ತರು. ಮಲ್ಲೇಶ್ ಹೆಚ್ಚು ಮಾತಿನ ಮನುಷ್ಯರಲ್ಲ. ಗಿರಣಿಯ ಸದ್ದಿನಲ್ಲಿ ಬದುಕಿದವರಿಗೆ ಮಾತು ಕಡಿಮೆ. ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಒಂದು ಮಾತು ಹೇಳಿದರು.

"ಬುಟ್ರೆ ನಿಂಗೆ ಆರಾಮಾಯ್ತದೆ. ಆ ಯಮ್ಮನ ಕೈಗೇನಾಯ್ತದೆ?"

ಅಂದಿನಿಂದ ಜಗದಾಂಬ ದಿನವೂ ಚಿಕ್ಕಹನುಮಕ್ಕನ ಮನೆಗೆ ಹೋಗುತ್ತಾರೆ. ಮೊದಮೊದಲು ಬಾಗಿಲಲ್ಲೇ ನಿಂತು ಬರುತ್ತಿದ್ದರು. ಬಾ ಎನ್ನುವವರಿರಲಿಲ್ಲ, ಹೋಗು ಎಂದೂ ಯಾರೂ ಅನ್ನಲಿಲ್ಲ. ಹದಿನೈದು ದಿನದ ಮೇಲೆ ದೊಡ್ಡರಂಗಪ್ಪ ಹೊಲಕ್ಕೆ ಹೊರಟವರು, ಮಾತ್ರೆ ಯಾವುದೆಂದು ತನಗೆ ತಿಳಿಯುವುದಿಲ್ಲ, ನೋಡಿ ಕೊಡಿ ಎಂದು ಹೇಳಿ ಹೋದರು. ಹಾಗೆ ಒಳಗೆ ಕಾಲಿಟ್ಟವರು ಸೋತ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು, ಮಡಿಸುವುದು, ಗೋಡೆ ಹಿಡಿಸಿ ನಡೆಸುವುದು ಎಲ್ಲವನ್ನೂ ಆಸ್ಪತ್ರೆಯವರು ಹೇಳಿಕೊಟ್ಟಂತೆ ಮಾಡಿಸುತ್ತ ಬಂದರು. ಮಾತ್ರೆಯ ಹಾಳೆಯ ಹಿಂದೆ ಸ್ಕೆಚ್ ಪೆನ್ನಿನಲ್ಲಿ ತಾರೀಖು ಬರೆದರು, ಒಂದು ತಪ್ಪಿದರೂ ತಿಳಿಯಲೆಂದು. ಚಿಕ್ಕಹನುಮಕ್ಕ ಎಡಗೈಯಲ್ಲಿ ಮಾತ್ರೆ ಒತ್ತಿ ತೆಗೆಯುವುದನ್ನು ಕಲಿತರು. ಮಾತು ಮೆಲ್ಲಗೆ ತಿರುಗಿತು. ಈಗ ಕೋಲು ಹಿಡಿದು ಹೂವಿನ ತೋಟದವರೆಗೆ ಹೋಗಿ ಬರುತ್ತಾರೆ.

ಒಂದನ್ನು ಮಾತ್ರ ಚಿಕ್ಕಹನುಮಕ್ಕ ಬಿಟ್ಟುಕೊಡಲಿಲ್ಲ. ಬಿಪಿ ನೋಡಲು ಜಗದಾಂಬ ಅವರಿಗೆ ತೋಳು ಕೊಡಲಿಲ್ಲ. ನಾಲ್ಕು ತಿಂಗಳ ಮೇಲೆ ಮಿಷನ್ನು ಮತ್ತೆ ಜಗದಾಂಬ ಅವರ ಕೈಗೆ ಬಂತು, ಉಳಿದ ಮನೆಗಳವರು ಒಬ್ಬೊಬ್ಬರಾಗಿ ತೋಳು ಕೊಟ್ಟರು. ಗುಡಿಯ ಜಗಲಿ ಬಿಟ್ಟು ಮನೆಮನೆಗೆ ಹೋಗುವುದು, ಅಂಕಿಯನ್ನು ಅವರವರಿಂದಲೇ ಓದಿಸುವುದು, ತಿಂಗಳಿಗೆ ಹತ್ತು ಕಾರ್ಡನ್ನು ಸ್ಪಂದನಾ ಅವರು ತಾವೇ ಮತ್ತೆ ನೋಡಿ ತಾಳೆ ಹಾಕುವುದು, ಎಲ್ಲವೂ ಜಗದಾಂಬ ಕೇಳಿಕೊಂಡು ತಮಗೆ ತಾವೇ ಹಾಕಿಕೊಂಡ ಕಟ್ಟು. ತೊಂಬತ್ತೊಂದು ಜನರಲ್ಲಿ ಈಗ ಐವತ್ತೆಂಟು ಜನರ ಬಿಪಿ ಹತೋಟಿಯಲ್ಲಿದೆ. ಹಿಂದೆ ಎಂಬತ್ತು ಎಂದು ಬರೆಯುತ್ತಿದ್ದ ಊರಿದು. ಮೀಟಿಂಗಿನಲ್ಲಿ ಐವತ್ತೆಂಟು ಎಂದು ಹೇಳುವಾಗ ಈಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಚಿಕ್ಕಹನುಮಕ್ಕ ಮಾತ್ರ ಪ್ರತಿ ಮಂಗಳವಾರ ಸ್ಪಂದನಾ ಬರುವವರೆಗೆ ಕಾಯುತ್ತಾರೆ. ಹದಿನಾಲ್ಕು ತಿಂಗಳಾಯಿತು.

ಜಗದಾಂಬ ಅವರನ್ನು ಕ್ಷಮಿಸಿದ್ದೀರಾ ಎಂದು ಚಿಕ್ಕಹನುಮಕ್ಕನನ್ನು ಕೇಳುವುದು ಅವಿವೇಕ. ಪತ್ರಿಕೆಯವರು ಆ ಅವಿವೇಕವನ್ನೂ ಮಾಡಿದರು. ಚಿಕ್ಕಹನುಮಕ್ಕ ತಮ್ಮ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡರು. ಮಾತು ಇನ್ನೂ ಸ್ವಲ್ಪ ತೊದಲು, ನಿಧಾನ.

"ಇಲ್ಲ. ಬುಟ್ಬುಟ್ಟೆ ಅಂದ್ರೆ ಬರಾದು ನಿಲ್ಸ್‌ಬುಡ್ತಾಳೆ. ದಿನಾ ಬರ್ಲಿ."

ಜಗದಾಂಬ ಅಲ್ಲೇ ಹೊಸಿಲ ಹತ್ತಿರ ಕೂತು ಕೇಳಿಸಿಕೊಂಡರು. ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಆ ಮಾತಿನಲ್ಲಿ ಕೋಪ ಎಷ್ಟು, ಸಲಿಗೆ ಎಷ್ಟು ಎಂದು ಅಳೆಯುವ ಮಿಷನ್ನು ಅವರ ಬ್ಯಾಗಿನಲ್ಲಿಲ್ಲ.

ಅವತ್ತು ಮಂಗಳವಾರ. ಸ್ಪಂದನಾ ತರಬೇತಿಗೆಂದು ಮಧುಗಿರಿಗೆ ಹೋಗಿದ್ದಾರೆ, ಇನ್ನು ಬರುವುದು ಮುಂದಿನ ವಾರವೇ ಎಂದು ಜಗದಾಂಬ ತಿಳಿಸಿದರು. ಚಿಕ್ಕಹನುಮಕ್ಕನಿಗೆ ಎರಡು ದಿನದಿಂದ ಸರಿಯಾಗಿ ನಿದ್ದೆ ಬಂದಿಲ್ಲ, ಮಗಳ ಊರಿಂದ ಬಂದ ಹಪ್ಪಳ ಸಂಡಿಗೆಯನ್ನು ಬಾಯಿ ಕಟ್ಟದೆ ತಿಂದಿದ್ದಾರೆ ಎಂದು ದೊಡ್ಡರಂಗಪ್ಪ ಆಗಲೇ ದೂರು ಹೇಳಿದ್ದರು. ಮುಂದಿನ ವಾರದವರೆಗೆ ಕಾಯುವುದು ಸರಿಯಲ್ಲ, ಗಾಡಿಯಲ್ಲಿ ಉಪಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೇರೆ ಸಿಸ್ಟರ್ ಕೈಯಲ್ಲಿ ನೋಡಿಸೋಣ ಎಂದು ಜಗದಾಂಬ ಗಂಡನಿಗೆ ಫೋನ್ ಮಾಡಲು ಎದ್ದರು. ಚಿಕ್ಕಹನುಮಕ್ಕ ರವಿಕೆಯ ಎಡತೋಳು ಮೇಲೆ ಸರಿಸಿ, ಕೈಯನ್ನು ಸ್ಟೂಲಿನ ಮೇಲೆ ಇಟ್ಟರು.

"ಕಟ್ಟು" ಎಂದರು.

ಜಗದಾಂಬ ಗಡಿಯಾರ ನೋಡಿದರು. ಐದು ನಿಮಿಷ ಕಳೆಯಿತು. ಸುತ್ತಿದ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿದರು. ಮಿಷನ್ನಿನ ಮುಖವನ್ನು ಚಿಕ್ಕಹನುಮಕ್ಕನ ಕಡೆಗೆ ತಿರುಗಿಸಿದರು. ಚಿಕ್ಕಹನುಮಕ್ಕ ಅದನ್ನು ಎಡಗೈ ಬೆರಳಿನಿಂದ ಜಗದಾಂಬ ಅವರ ಕಡೆಗೇ ತಿರುಗಿಸಿ, ತಾವು ಗೋಡೆಯ ಕಡೆಗೆ ಮುಖ ಮಾಡಿಕೊಂಡರು. ಈಗ ಅವರಿಗೆ ಅಂಕಿ ಓದಲು ಬರುತ್ತದೆ. ಬಂದರೂ ಓದಲಿಲ್ಲ, ಜಗದಾಂಬ ಏನು ಹೇಳುತ್ತಾರೆಂದು ಕಾದರು.

ಎರಡನೇ ಸಲವೂ ಅಷ್ಟೇ ಬಂತು.

"ನೂರ ಐವತ್ತೆರಡು ಕಣಕ್ಕ. ಕೆಳಗ್ಲುದು ತೊಂಬತ್ನಾಕು. ಜಾಸ್ತಿ ಅದೆ. ಇವತ್ತೇ ಡಾಕ್ಟ್ರ ತಾವ್ಕೆ ಹೋಗ್ಬೇಕು."

ಚಿಕ್ಕಹನುಮಕ್ಕ ಗೋಡೆಯಿಂದ ಮುಖ ತಿರುಗಿಸಿ ಮಿಷನ್ನು ನೋಡಿದರು, ಆಮೇಲೆ ಜಗದಾಂಬ ಅವರನ್ನು ನೋಡಿದರು. ಹಂಗಾದ್ರೆ ಬರ್ಕೊ ಎಂದರು. ಜಗದಾಂಬ ಬರೆದರು. ಬರೆದು ಬಹಳ ಹೊತ್ತು ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ದೊಡ್ಡರಂಗಪ್ಪ ಆಸ್ಪತ್ರೆಗೆ ಹೊರಡಲು ಪಂಚೆ ಬದಲಾಯಿಸಲು ಒಳಗೆ ಹೋದರು.

ಪತ್ರಿಕೆಯಲ್ಲಿ ತಮ್ಮ ಬಗ್ಗೆ ಬರುವಾಗ ಏನಾದರೂ ಸೇರಿಸಬೇಕೆಂಬ ಆಸೆ ಇದೆಯಾ ಎಂದು ಕೇಳಿದ್ದಕ್ಕೆ, ಮೊದಲು ಇಲ್ಲವೆಂದು ತಲೆಯಾಡಿಸಿದ ಜಗದಾಂಬ ಆಮೇಲೆ ಚಿಕ್ಕಹನುಮಕ್ಕನ ಕಡೆ ತಿರುಗಿ, ಹಾಕಿಸಬಹುದಾ ಎಂದು ಕಾರ್ಡು ತೋರಿಸಿ ಕೇಳಿದರು. ಹಾಕ್ಲಿ ಬುಡು ಎಂದರು ಚಿಕ್ಕಹನುಮಕ್ಕ.

"ಈ ನೂರ ಐವತ್ತೆರಡು ಹಾಕಿ" ಎಂದರು ಜಗದಾಂಬ. "ಆ ನೂರ ಮೂವತ್ತೆರಡು ಆದ್ಮ್ಯಾಲೆ ಇದು ನಾನು ಇವ್ರ ಕಾರ್ಡ್ನಾಗೆ ಬರ್ದಿರೋ ಮೊದಲ್ನೇ ನಿಜ."